ಕರಾವಳಿಯ ಸ್ಮಾರ್ಟ್ ಅಡುಗೆಮನೆ ಕೈಕೊಟ್ಟಾಗ: ಎಲ್ಲಿಂದ ನೋಡಬೇಕು, ಎಲ್ಲಿ ನಿಲ್ಲಬೇಕು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಹೊಸ ಮನೆಗಳಲ್ಲಿ ಇಂಡಕ್ಷನ್ ಒಲೆ, ಚಿಮಣಿ, ಬಿಲ್ಟ್-ಇನ್ ಹಾಬ್ (ಕಟ್ಟೆಯ ಕಲ್ಲಿನಲ್ಲೇ ಕೂರಿಸಿದ ಗ್ಯಾಸ್ ಒಲೆ), ಇನ್ವರ್ಟರ್ ಫ್ರಿಜ್ ಈಗ ಮಾಮೂಲಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲೂ ಕಟ್ಟಿಗೆ ಒಲೆಯ ಪಕ್ಕದಲ್ಲೇ ಮಾಡ್ಯುಲರ್ ಕಿಚನ್ ಎದ್ದಿದೆ. ಒಳ್ಳೆಯದೇ. ಹೊಗೆ ಕಡಿಮೆಯಾಗಿದೆ, ಕೆಲಸ ಬೇಗ ಮುಗಿಯುತ್ತದೆ.

ಆದರೆ ನಮ್ಮ ಹವೆ ಈ ಸಾಧನಗಳಿಗೆ ಸುಲಭದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಡಲ ಹತ್ತಿರ ಉಪ್ಪುಗಾಳಿ. ಲೈನಿನ ಮೇಲೆ ಮರ ಬಿದ್ದು ಹೋಗುವ ಕರೆಂಟ್. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲು. 'ಮಷಿನ್ ಹೋಯ್ತು' ಅಂತ ಕರೆದ ಮನೆಗಳಲ್ಲಿ ನಾನು ಜಾಸ್ತಿ ಕಂಡದ್ದು ಹಾಳಾದ ಮಷಿನ್ ಅಲ್ಲ. ಸಡಿಲ ಸಾಕೆಟ್, ಒಣಗಿದ ಅರ್ಥಿಂಗ್ ಗುಂಡಿ (ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಗುಂಡಿ), ತೇವ ಕುಡಿದ ಸ್ವಿಚ್, ಇಲ್ಲವೇ ರೌಟರ್. ಹಾಗಾಗಿ ಈ ಕೈಪಿಡಿಯಲ್ಲಿ ಮೊದಲು ಮಷಿನ್ನಿನ ಹೊರಗೆ ನೋಡುತ್ತೇವೆ, ಆಮೇಲೆ ಮಷಿನ್. ಎಷ್ಟೋ ಕಂಪನಿಗಳ ಸರ್ವಿಸ್‌ನವರು ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬರಬೇಕು. ಅವರನ್ನು ಸುಮ್ನೆ ಕರೆಸಿ ವಿಸಿಟಿಂಗ್ ಚಾರ್ಜ್ ಕೊಡುವ ಮೊದಲು ಅರ್ಧ ಗಂಟೆ ನಾವೇ ನೋಡಬಹುದು.

ಕೈಗೆ ಬೇಕಾದದ್ದು ಸ್ವಲ್ಪವೇ: ಒಂದು ಟೆಸ್ಟರ್, ಒಂದು ಟಾರ್ಚ್, ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್, ಒಣ ಹತ್ತಿ ಬಟ್ಟೆ, ಸೋಪಿನ ನೀರು. ಸಾಧ್ಯವಾದರೆ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್.

ಏನನ್ನೂ ಮುಟ್ಟುವ ಮೊದಲು

ಗ್ಯಾಸ್ ವಾಸನೆ ಬಂದರೆ ಉಳಿದ ಯಾವ ಪರೀಕ್ಷೆಯೂ ಬೇಡ. ಯಾವ ಸ್ವಿಚ್ಚನ್ನೂ ಹಾಕಬೇಡಿ, ತೆಗೆಯಲೂ ಬೇಡಿ. ಚಿಮಣಿ ಆನ್ ಮಾಡಿ ಗ್ಯಾಸ್ ಹೊರಗೆ ಕಳಿಸೋಣ ಎಂಬ ಯೋಚನೆ ಬರುತ್ತದೆ, ಅದು ತುಂಬಾ ಅಪಾಯ. ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಎಲ್ಲರೂ ಹೊರಗೆ ಬನ್ನಿ, ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ.

ಸುಟ್ಟ ವಾಸನೆ, ಹೊಗೆ, ಕಪ್ಪಾದ ಪ್ಲಗ್, ಒಡೆದ ಗಾಜು ಕಂಡರೂ ಪರೀಕ್ಷೆ ಅಲ್ಲಿಗೇ ನಿಲ್ಲಲಿ. ಆ ಲೈನಿನ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಬೋರ್ಡಿನ ಸ್ವಿಚ್ ಇಳಿಸಿ. ಮಳೆಯಲ್ಲಿ ನೆನೆದು ಬಂದ ಕಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ಪ್ಲಗ್ ಕೀಳಬೇಡಿ. ಚಪ್ಪಲಿ ಹಾಕಿಕೊಳ್ಳಿ, ಕೈ ಒರೆಸಿಕೊಳ್ಳಿ.

ಫ್ರಿಜ್, ಹಾಬ್ ಅಥವಾ ಮೈಕ್ರೋವೇವ್ ಮುಟ್ಟಿದರೆ ಜುಮ್ ಎನ್ನುತ್ತದೆ

ಇದನ್ನು ಮೊದಲು ಬರೆಯುತ್ತಿರುವುದಕ್ಕೆ ಕಾರಣವಿದೆ. ಜನ ಇದಕ್ಕೆ ಒಗ್ಗಿಹೋಗಿರುತ್ತಾರೆ. 'ಮಳೆಗಾಲದಲ್ಲಿ ಸ್ವಲ್ಪ ಜುಮ್ ಅನ್ನತ್ತೆ, ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ' ಅಂತ ಮನೆಯವರೇ ಹೇಳುತ್ತಾರೆ. ಹಾಗೆ ಬಿಡುವ ವಿಷಯ ಇದಲ್ಲ.

ಹೊಸ ಕಾಲದ ಸಾಧನಗಳ ಒಳಗೆ ಕರೆಂಟನ್ನು ಶುದ್ಧ ಮಾಡುವ ಒಂದು ಫಿಲ್ಟರ್ ಇರುತ್ತದೆ. ಅದು ಬಹಳ ಸಣ್ಣ ಪ್ರಮಾಣದ ಕರೆಂಟನ್ನು ಅರ್ಥ್ ವೈರಿಗೆ ಬಿಡುತ್ತದೆ. ಅರ್ಥ್ ಸರಿ ಇದ್ದರೆ ಅದು ಮಣ್ಣಿಗೆ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಅದು ಮೈಮೇಲಿನ ಲೋಹದ ತಗಡಿನಲ್ಲೇ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಅಂದರೆ ಜುಮ್ ಎನ್ನುವುದರ ಮೊದಲ ಅರ್ಥ 'ಅರ್ಥಿಂಗ್ ಇಲ್ಲ' ಎಂದು. ಎರಡನೆಯ ಸಾಧ್ಯತೆ, ಒಳಗೆ ನಿಜವಾಗಿಯೇ ಲೀಕೇಜ್ ಆಗಿದೆ. ಇವೆರಡರಲ್ಲಿ ಯಾವುದು ಎಂದು ಕೈಯಿಂದ ಮುಟ್ಟಿ ತಿಳಿಯಲು ಆಗುವುದಿಲ್ಲ. ಒಳಗೆ ಲೀಕೇಜ್ ಇದ್ದು ಅರ್ಥ್ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ.

ಮೊದಲು ಸುಲಭದ್ದು. ಆ ಸಾಧನ ಎರಡು ಪಿನ್‌ನ ಎಕ್ಸ್‌ಟೆನ್ಷನ್‌ನಲ್ಲಿ ಇದೆಯೇ? ಅಡಾಪ್ಟರ್ ಸಿಕ್ಕಿಸಿದ್ದೀರಾ? ಪ್ಲಗ್ಗಿನ ಮೇಲಿನ ದಪ್ಪ ಪಿನ್ ಸಡಿಲವಾಗಿದೆಯೇ? ಅದನ್ನು ತೆಗೆದು, ಇನ್ನೊಂದು ಕೋಣೆಯ ಮೂರು ಪಿನ್ ಸಾಕೆಟ್‌ಗೆ ಹಾಕಿ ಟೆಸ್ಟರ್‌ನಲ್ಲಿ ನೋಡಿ. ಅಲ್ಲಿ ದೀಪ ಉರಿಯದಿದ್ದರೆ ತೊಂದರೆ ಹಳೆಯ ಸಾಕೆಟ್‌ನಲ್ಲಿದೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಆದರೆ ಮೂರನೆಯ ತೂತಿಗೆ ವೈರೇ ಇರುವುದಿಲ್ಲ.

ಇಡೀ ಮನೆಯಲ್ಲಿ ಹೀಗೇ ಆದರೆ ಅರ್ಥಿಂಗ್ ಗುಂಡಿ ನೋಡಿ. ನಮ್ಮ ಚಿರೆಕಲ್ಲು ಮಣ್ಣು ನೀರನ್ನು ಬೇಗ ಬಿಟ್ಟುಬಿಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಗುಂಡಿ ಪೂರ್ತಿ ಒಣಗಿ ಅರ್ಥ್ ದುರ್ಬಲವಾಗುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕುವುದು ಹಳೆಯ ಪದ್ಧತಿ, ಅದು ಸರಿಯಾದ ಪದ್ಧತಿಯೂ ಹೌದು. ಕಡಲ ಹತ್ತಿರ ಇನ್ನೊಂದು ತೊಂದರೆ. ಗುಂಡಿಯ ಪೈಪಿಗೆ ವೈರ್ ಕಟ್ಟಿದ ಕ್ಲ್ಯಾಂಪ್ ಉಪ್ಪಿಗೆ ತುಕ್ಕು ಹಿಡಿದು ಉದುರುತ್ತದೆ. ಟಾರ್ಚ್ ಬಿಟ್ಟು ನೋಡಿ, ಕೈ ಹಾಕಬೇಡಿ.

ಇಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್ ಕೆಲಸ. ಫೇಸ್ ಎಂದರೆ ಕರೆಂಟ್ ತರುವ ವೈರ್, ನ್ಯೂಟ್ರಲ್ ಎಂದರೆ ಅದು ಮರಳುವ ವೈರ್. ಅವರು ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಎರಡರ ವೋಲ್ಟೇಜನ್ನೂ ಅಳೆಯಲಿ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು. ಅರ್ಥ್ ಇಲ್ಲವೆಂದು ಸಾಕೆಟ್‌ನಲ್ಲೇ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿ ಕಟ್ಟುವವರಿದ್ದಾರೆ. ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ತುಂಡಾದ ದಿನ ಇಡೀ ಫ್ರಿಜ್ಜಿನ ಮೈಗೆ ಪೂರ್ತಿ ಕರೆಂಟ್ ಬರುತ್ತದೆ. ನೀರಿನ ಪೈಪ್, ಗ್ಯಾಸ್ ಪೈಪ್‌ಗೆ ಅರ್ಥ್ ಕಟ್ಟುವುದೂ ಬೇಡ.

ಟ್ರಿಪ್ ಆಗಿ ಕರೆಂಟ್ ಹೋಗುತ್ತದೆ, ಮತ್ತೆ ಮತ್ತೆ

ಯಾವ ಸ್ವಿಚ್ ಇಳಿಯಿತು ಎಂದು ಮೊದಲು ನೋಡಿ. ಸಣ್ಣ ಎಂಸಿಬಿ ಇಳಿದರೆ ಲೋಡ್ ಜಾಸ್ತಿ ಅಥವಾ ಶಾರ್ಟ್. 'ಟಿ' ಎಂದು ಬರೆದ ಬಟನ್ ಇರುವ ಅಗಲದ ಸ್ವಿಚ್, ಅಂದರೆ ಆರ್‌ಸಿಸಿಬಿ ಇಳಿದರೆ ಕರೆಂಟ್ ಎಲ್ಲೋ ಮಣ್ಣಿಗೆ ಸೋರುತ್ತಿದೆ. ಎರಡರ ದಾರಿಯೂ ಬೇರೆ.

ಎಂಸಿಬಿ ಆದರೆ ಲೆಕ್ಕ ಹಾಕಿ. 2000 ವಾಟ್ ಇಂಡಕ್ಷನ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಲೈನಿನಲ್ಲಿ ಮೈಕ್ರೋವೇವ್ ಮತ್ತು ಮಿಕ್ಸರ್ ಸೇರಿದರೆ 16 ಆಂಪಿಯರ್ ದಾಟುವುದು ಕಷ್ಟವೇನಲ್ಲ. ಬೆಳಿಗ್ಗೆ ಕೊಬ್ಬರಿ ಮಸಾಲೆ ರುಬ್ಬುವಾಗ, ಪಕ್ಕದಲ್ಲಿ ಅನ್ನಕ್ಕೆ ಇಟ್ಟಾಗ ಮಾತ್ರ ಟ್ರಿಪ್ ಆಗುತ್ತದೆ ಎಂದರೆ ಇದೇ ಕಾರಣ. ಒಂದೊಂದಾಗಿ ಬಳಸಿ ನೋಡಿ. ದೊಡ್ಡ ಎಂಸಿಬಿ ಹಾಕಿಸಿ ಸುಮ್ಮನಾಗುವುದು ತಪ್ಪು. ಒಳಗಿನ ವೈರ್ ತೆಳುವಾಗಿದ್ದರೆ ಆಮೇಲೆ ವೈರೇ ಸುಡುತ್ತದೆ. ಇಂಡಕ್ಷನ್ನಿಗೆ ಕನಿಷ್ಠ 2.5 ಚದರ ಮಿಮೀ ವೈರಿನ ಪ್ರತ್ಯೇಕ ಲೈನ್ ಮತ್ತು 16 ಆಂಪಿಯರ್ ಸಾಕೆಟ್ ಇರಲಿ.

ಆರ್‌ಸಿಸಿಬಿ ಆದರೆ ಹೀಗೆ ಹುಡುಕಿ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ. ಆಮೇಲೆ ಎಂಸಿಬಿಗಳನ್ನು ಒಂದೊಂದೇ ಏರಿಸಿ. ಯಾವುದು ಹಾಕಿದಾಗ ಬೀಳುತ್ತದೋ ಆ ಲೈನಿನ ಎಲ್ಲ ಪ್ಲಗ್ ಕಿತ್ತು ಮತ್ತೆ ಏರಿಸಿ. ಈಗ ನಿಂತರೆ, ಕಿತ್ತ ಸಾಧನಗಳಲ್ಲೇ ಕಳ್ಳ ಇದ್ದಾನೆ. ಒಂದೊಂದೇ ಸಿಕ್ಕಿಸಿ ನೋಡಿ. ನೀರು ಕಾಯಿಸುವ ಕಾಯಿಲ್ ಇರುವ ಡಿಶ್‌ವಾಷರ್, ಕೆಟಲ್, ಗೀಸರ್‌ಗಳೇ ಸಾಮಾನ್ಯವಾಗಿ ಸಿಗುತ್ತವೆ. ಎಲ್ಲ ಕಿತ್ತರೂ ಬೀಳುತ್ತಿದ್ದರೆ ಗೋಡೆಯೊಳಗೆ ತೇವ ಹೋಗಿದೆ. ಆಷಾಢದಲ್ಲಿ ಮಳೆ ಹೊಡೆಯುವ ಗೋಡೆಯ ಸ್ವಿಚ್ ಬೋರ್ಡ್‌ಗಳಲ್ಲಿ ಇದು ಮಾಮೂಲಿ. ಆ ಲೈನ್ ಇಳಿಸಿಯೇ ಇಡಿ, ಎಲೆಕ್ಟ್ರಿಷಿಯನ್ ಬರಲಿ.

ಮನೆಗೆ ಹೊಸದಾಗಿ ಬ್ಯಾಟರಿ ಇನ್ವರ್ಟರ್ ಹಾಕಿಸಿದ ನಂತರ ಇದು ಶುರುವಾಗಿದ್ದರೆ ಅದನ್ನು ಹೇಳಿ. ಇನ್ವರ್ಟರ್‌ನ ನ್ಯೂಟ್ರಲ್ ಮತ್ತು ಮನೆಯ ನ್ಯೂಟ್ರಲ್ ಬೆರೆತರೆ ಏನೂ ಸೋರದೆಯೂ ಆರ್‌ಸಿಸಿಬಿ ಬೀಳುತ್ತದೆ.

ಕಾಟ ತಡೆಯಲಾರದೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿದ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಮನೆಗಳಲ್ಲಿ ಬಳಸುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರುವುದೇ ಮನುಷ್ಯನ ಜೀವ ಉಳಿಸಲು. ತಿಂಗಳಿಗೊಮ್ಮೆ 'ಟಿ' ಬಟನ್ ಒತ್ತಿ, ಅದು ಬೀಳಬೇಕು. ಬೀಳದಿದ್ದರೆ ಬದಲಿಸಿ.

ದೀಪ ಒಮ್ಮೆ ಮಂದ, ಒಮ್ಮೆ ಭಾರಿ ಪ್ರಕಾಶ

ಇದು ತುರ್ತು. ಕೆಲವು ದೀಪ ಮಂದವಾಗಿ, ಕೆಲವು ಎಂದಿಗಿಂತ ಪ್ರಕಾಶವಾಗಿ ಉರಿದರೆ, ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗಿದರೆ, ಲೈನಿನಲ್ಲಿ ನ್ಯೂಟ್ರಲ್ ಸಡಿಲವಾಗಿರಬಹುದು ಅಥವಾ ತುಂಡಾಗಿರಬಹುದು. ಗಾಳಿ-ಮಳೆಯಲ್ಲಿ ಮರದ ಕೊಂಬೆ ಬಿದ್ದ ಮೇಲೆ ಹೀಗಾಗುತ್ತದೆ. ಆಗ 230 ವೋಲ್ಟ್ ಬರಬೇಕಾದ ಕಡೆ 300ಕ್ಕೂ ಹೆಚ್ಚು ಬರಬಹುದು. ಫ್ರಿಜ್, ಇಂಡಕ್ಷನ್, ರೌಟರ್ ಎಲ್ಲದರ ಬೋರ್ಡ್ ಒಂದೇ ಏಟಿಗೆ ಹೋಗುತ್ತದೆ. ಯೋಚಿಸುತ್ತಾ ನಿಲ್ಲಬೇಡಿ. ಮೇನ್ ಸ್ವಿಚ್ ಇಳಿಸಿ, ಲೈನ್‌ಮನ್‌ಗೆ ಅಥವಾ ಕರೆಂಟ್ ದೂರಿನ ಸಂಖ್ಯೆ 1912ಕ್ಕೆ ಹೇಳಿ, ಅಕ್ಕಪಕ್ಕದ ಮನೆಯವರಿಗೂ ಕೂಗಿ ಹೇಳಿ. ಅವರ ಮನೆಗೂ ಅದೇ ಲೈನ್ ತಾನೆ.

ಇಂಡಕ್ಷನ್ ಬೀಪ್ ಎನ್ನುತ್ತದೆ, 'ಇ' ಎಂದು ತೋರಿಸಿ ನಿಲ್ಲುತ್ತದೆ

'ಇ' ನಂತರದ ಅಂಕಿಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಜೊತೆಗೆ ಬಂದ ಪುಸ್ತಕದಲ್ಲೇ ನೋಡಬೇಕು. ಆದರೆ ಎಲ್ಲ ಕಂಪನಿಯವೂ ಹೇಳುವುದು ಹೆಚ್ಚುಕಡಿಮೆ ಇವನ್ನೇ: ಪಾತ್ರೆ ಸರಿಯಿಲ್ಲ, ವೋಲ್ಟೇಜ್ ಸರಿಯಿಲ್ಲ, ಬಿಸಿ ಜಾಸ್ತಿಯಾಗಿದೆ, ಸೆನ್ಸರ್ ಕೆಟ್ಟಿದೆ.

ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಇಡಿ. ಗಟ್ಟಿಯಾಗಿ ಅಂಟಿದರೆ ಸರಿ. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಗಡಿಗೆ ಇವು ಬಿಸಿಯಾಗುವುದೇ ಇಲ್ಲ. ಕೆಲವು ಸ್ಟೀಲ್ ಪಾತ್ರೆಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ತಳ ಉಬ್ಬಿದ ಹಳೆಯ ಕುಕ್ಕರ್ ಇಟ್ಟರೆ ಒಮ್ಮೆ ಗುರುತಿಸುತ್ತದೆ, ಒಮ್ಮೆ ಇಲ್ಲ. ಮಷಿನ್ ಆಗಾಗ ನಿಂತು ಮತ್ತೆ ಶುರುವಾಗುವುದಕ್ಕೆ ಇದೂ ಕಾರಣ.

ಸಂಜೆ ಏಳರಿಂದ ಒಂಬತ್ತರ ಒಳಗೆ ಮಾತ್ರ ಕೈಕೊಟ್ಟು, ಮಧ್ಯಾಹ್ನ ಸರಿಯಾಗಿ ನಡೆದರೆ ವೋಲ್ಟೇಜ್ ಎಂದು ಹಿಡಿಯಿರಿ. ಮಲ್ಟಿಮೀಟರ್ ಇದ್ದರೆ, ಬಳಸುವುದು ಗೊತ್ತಿದ್ದರೆ, ಖಾಲಿ ಸಾಕೆಟ್‌ನಲ್ಲಿ ಅಳೆಯಿರಿ. ಮಷಿನ್ನಿನ ಪುಸ್ತಕದಲ್ಲಿ ಬರೆದ ಮಿತಿಗಿಂತ ಕೆಳಗೆ ಅಥವಾ ಮೇಲೆ ಇದ್ದರೆ ಮಷಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ, ಅದರ ತಪ್ಪಿಲ್ಲ. ಅಡಿಕೆ ತೋಟದ ನಡುವಿನ ಒಂಟಿ ಮನೆಗಳು ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುತ್ತವೆ, ತೋಟದ ಪಂಪ್ ಶುರುವಾದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಪಂಪ್ ಮತ್ತು ಇಂಡಕ್ಷನ್ನಿನ ಸಮಯ ಬೇರೆ ಮಾಡಿ ನೋಡಿ. ಕರೆಂಟ್ ಕಂಪನಿ ಹೆಸ್ಕಾಂಗೆ ಲಿಖಿತವಾಗಿ ದೂರು ಕೊಡುವಾಗ ದಿನ, ಸಮಯ, ಅಳತೆ ಬರೆದುಕೊಂಡಿದ್ದರೆ ಮಾತಿಗೆ ತೂಕ ಬರುತ್ತದೆ.

ಐದು-ಹತ್ತು ನಿಮಿಷ ನಡೆದು ನಿಲ್ಲುತ್ತದೆಯೇ? ಪ್ಲಗ್ ಕಿತ್ತು, ಮಷಿನ್ ತಣ್ಣಗಾದ ಮೇಲೆ ತಲೆಕೆಳಗೆ ಮಾಡಿ ಫ್ಯಾನ್ ಜಾಗ ನೋಡಿ. ಎಣ್ಣೆ-ಧೂಳಿನ ಪದರ ಇದ್ದರೆ ಒಣ ಬ್ರಶ್‌ನಿಂದ ತೆಗೆಯಿರಿ. ಗೋಡೆಗೆ ಒತ್ತಿ ಇಟ್ಟಿದ್ದರೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟಿದ್ದರೆ ಗಾಳಿಯಾಡುವಂತೆ ಬದಲಿಸಿ. ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕಿ ಜಿರಲೆ, ಇರುವೆ, ಮರಿ ಹಲ್ಲಿ ಒಳಗೆ ಸೇರುತ್ತವೆ. ಬೋರ್ಡ್ ಮೇಲೆ ಅವು ಸತ್ತರೆ ಶಾರ್ಟ್ ಆಗುತ್ತದೆ. ರಾತ್ರಿ ಪ್ಲಗ್ ಕಿತ್ತು, ಒಲೆಯ ಸುತ್ತ ಒರೆಸಿ ಮಲಗುವುದು ಇದಕ್ಕೆ ಒಳ್ಳೆಯ ಉಪಾಯ.

ಪ್ಲಗ್ ಪಿನ್ ಮುಟ್ಟಲಾಗದಷ್ಟು ಬಿಸಿ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದೆ ಎಂದರೆ ಸಾಕೆಟ್ ಸಡಿಲವಾಗಿದೆ. ತಕ್ಷಣ ನಿಲ್ಲಿಸಿ ಬದಲಿಸಿ. ಮೇಲಿನ ಗಾಜು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಬಳಸಬೇಡಿ. ಉಕ್ಕಿದ ಹಾಲು ಆ ಬಿರುಕಿನಲ್ಲಿ ಇಳಿದರೆ ಕರೆಂಟ್ ಇರುವ ಭಾಗಕ್ಕೇ ಹೋಗುತ್ತದೆ. ಮನೆಯಲ್ಲಿ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಇಂಡಕ್ಷನ್ ಹತ್ತಿರ ನಿಲ್ಲುವ ಬಗ್ಗೆ ಅವರ ಡಾಕ್ಟರನ್ನು ಕೇಳಿ.

ಫ್ರಿಜ್ ಓಡುತ್ತಿದೆ, ತಂಪಿಲ್ಲ. ಅಥವಾ ಅಡಿಯಲ್ಲಿ ನೀರು

ಮೊದಲು ಬಾಗಿಲು. ಒಂದು ಕಾಗದದ ಚೀಟಿಯನ್ನು ಬಾಗಿಲ ನಡುವೆ ಇಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಹಿಡಿಯುತ್ತಿಲ್ಲ. ಸುತ್ತಲೂ ಹೀಗೆ ನೋಡಿ. ಬೂಸ್ಟು ಹಿಡಿದಿದ್ದರೆ ಬಿಸಿನೀರು-ಸೋಪಿನಲ್ಲಿ ತೊಳೆದು ಒಣಗಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹೊಸ ವಿನ್ಯಾಸದ ಅಡುಗೆಮನೆಗಳಲ್ಲಿ ಫ್ರಿಜ್ಜನ್ನು ಮರದ ಚೌಕಟ್ಟಿನೊಳಗೆ ಕೂರಿಸುತ್ತಾರೆ. ನೋಡಲು ಚಂದ, ಆದರೆ ಸುತ್ತ ಗಾಳಿಗೆ ಜಾಗ ಬಿಡದಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ. ಪಕ್ಕದ ತಗಡು ಸುಡುವಷ್ಟು ಬಿಸಿ ಇದ್ದು ಒಳಗೆ ತಂಪಿಲ್ಲದಿದ್ದರೆ ಎರಡು ದಿನ ಹೊರಗೆಳೆದು ಇಟ್ಟು ನೋಡಿ.

ಮಳೆಗಾಲದಲ್ಲಿ ಬಾಗಿಲ ಹೊರಗೆ ಬೆವರಿದಂತೆ ನೀರು ಕಾಣುವುದು ದೋಷವಲ್ಲ, ಗಾಳಿಯ ತೇವ. ಒರೆಸಿದರೆ ಸಾಕು. ಒಳಗೆ ತರಕಾರಿ ಡಬ್ಬದ ಹತ್ತಿರ ನೀರು ನಿಂತರೆ ಹಿಂಬದಿಯ ಸಣ್ಣ ತೂತು ಕಟ್ಟಿದೆ. ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಬಿಟ್ಟು, ಮೆತ್ತನೆಯ ಕಡ್ಡಿಯಿಂದ ಬಿಡಿಸಿ.

ಫ್ರೀಜರ್‌ನ ಮಂಜುಗಡ್ಡೆ ಕೀಳಲು ಚಾಕು ಬಳಸಬೇಡಿ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಆರ್600ಎ ಎಂಬ ಅನಿಲ, ಅದು ಹೊತ್ತಿಕೊಳ್ಳುತ್ತದೆ. ಕೊಳವೆ ತೂತಾಗಿ ಸುಯ್ ಎಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು ಹೊರಗೆ ಬನ್ನಿ.

ಕೆಲವು ನಿಮಿಷಕ್ಕೊಮ್ಮೆ 'ಟಕ್' ಎಂದು ಶುರುವಾಗಿ ನಿಲ್ಲುತ್ತಿದ್ದರೆ ವೋಲ್ಟೇಜ್ ಸಾಲುತ್ತಿಲ್ಲ ಅಥವಾ ಕಂಪ್ರೆಸರ್ ಕಷ್ಟಪಡುತ್ತಿದೆ. ಪ್ಲಗ್ ಕಿತ್ತು ವೋಲ್ಟೇಜ್ ನೋಡಿ. ಅದು ಸರಿಯಿದ್ದೂ ಹೀಗಾದರೆ ಸರ್ವಿಸ್‌ನವರನ್ನು ಕರೆಯಿರಿ. ಕಡಲ ಹತ್ತಿರದ ಮನೆಗಳಲ್ಲಿ ಹಿಂಬದಿಯ ಕೊಳವೆ ತುಕ್ಕು ಹಿಡಿದು ಗ್ಯಾಸ್ ಸೋರುವುದುಂಟು. ಸೋರಿಕೆ ಹುಡುಕದೆ ಬರೀ ಗ್ಯಾಸ್ ತುಂಬಿಸಿ ಹೋದರೆ ಕೆಲವೇ ತಿಂಗಳಲ್ಲಿ ಅದೇ ಕಥೆ.

ಕರೆಂಟ್ ಹೋದಾಗ ಬಾಗಿಲು ತೆರೆಯದೇ ಇದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಮೀನಿನ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಬಂಗಡೆ, ತಾರ್ಲೆಯಂಥ ಮೀನು ತಂಪಿಲ್ಲದೆ ಉಳಿದರೆ ಅದರಲ್ಲಿ ಹಿಸ್ಟಮೀನ್ ಎಂಬ ವಿಷ ಬೆಳೆಯುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ, ವಾಸನೆಯಲ್ಲೂ ಗೊತ್ತಾಗಬೇಕೆಂದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ. ಮನಸ್ಸಿಗೆ ಕಷ್ಟವಾದರೂ ಎಸೆಯಿರಿ.

ಚಿಮಣಿ ಶಬ್ದ ಮಾಡುತ್ತದೆ, ಹೊಗೆ ಎಳೆಯುವುದಿಲ್ಲ

ಒಂದು ತೆಳು ಕಾಗದ ಫಿಲ್ಟರ್‌ಗೆ ಹಿಡಿಯಿರಿ. ಅಂಟಿ ನಿಂತರೆ ಎಳೆತ ಸರಿಯಿದೆ. ಹಾಗಿದ್ದೂ ಹೊಗೆ ಅಡುಗೆಮನೆ ತುಂಬಿದರೆ ಒಲೆ ಮತ್ತು ಚಿಮಣಿ ನಡುವಿನ ಅಂತರ ನೋಡಿ. ಸಾಮಾನ್ಯವಾಗಿ 65ರಿಂದ 75 ಸೆಂ.ಮೀ. ಇರಬೇಕು. ಒಲೆಯ ಪಕ್ಕದ ಕಿಟಕಿಯ ಗಾಳಿ ಹೊಗೆಯನ್ನು ತಳ್ಳುತ್ತಿದ್ದರೆ ಅದನ್ನು ಮುಚ್ಚಿ, ದೂರದ ಒಂದು ಕಿಟಕಿ ತೆರೆಯಿರಿ. ಎಲ್ಲ ಮುಚ್ಚಿದರೂ ಎಳೆತ ಇರುವುದಿಲ್ಲ. ಹೊರಗೆ ಹೋದ ಗಾಳಿಯ ಜಾಗಕ್ಕೆ ಒಳಗೆ ಗಾಳಿ ಬರಬೇಕಲ್ವಾ?

ಕಾಗದ ಬಿದ್ದುಹೋದರೆ ಫಿಲ್ಟರ್ ತೆಗೆದು ಅದೇ ಪರೀಕ್ಷೆ ಮಾಡಿ. ಈಗ ಎಳೆದರೆ ಫಿಲ್ಟರ್ ಕಟ್ಟಿದೆ. ಬಿಸಿನೀರು, ಪಾತ್ರೆ ಸೋಪು ಸಾಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಾಗಾಗಿ ಶಿರಸಿ ಕಡೆ ಡಿಸೆಂಬರ್, ಜನವರಿಯ ಬೆಳಿಗ್ಗೆ ಫಿಲ್ಟರ್ ಮೇಲೆ ಎಣ್ಣೆ ಮೇಣದ ಹಾಗೆ ಕೂತಿರುತ್ತದೆ. ಆಟೋ ಕ್ಲೀನ್ ಇದ್ದರೂ ತಣ್ಣಗಿರುವಾಗ ಹಾಕಿದರೆ ಎಣ್ಣೆ ಪೂರ್ತಿ ಇಳಿಯುವುದಿಲ್ಲ. ಅಡುಗೆ ಮುಗಿದು ಎಲ್ಲ ಬೆಚ್ಚಗಿರುವಾಗಲೇ ಹಾಕಿ, ಎಣ್ಣೆ ಬಟ್ಟಲು ಖಾಲಿ ಮಾಡಿ.

ಫಿಲ್ಟರ್ ತೆಗೆದರೂ ಎಳೆಯದಿದ್ದರೆ ಹೊರಗಿನ ಪೈಪ್ ಬಾಯಿ ನೋಡಿ. ಗುಬ್ಬಿ ಗೂಡು, ಕಣಜದ ಗೂಡು ಸಾಮಾನ್ಯ. ಕಣಜವಿದ್ದರೆ ಏಣಿ ಮೇಲೆ ನಿಂತು ಸಾಹಸ ಬೇಡ. ಪೈಪ್ ಬಾಯಿ ಪಡುವಣಕ್ಕೆ ಇದ್ದರೆ ಮಳೆಗಾಲದ ಕಡಲ ಗಾಳಿ ನೇರ ಒಳಗೇ ತಳ್ಳುತ್ತದೆ, ಮಳೆನೀರೂ ಬರುತ್ತದೆ. ಹೊಸದಾಗಿ ಕಿಚನ್ ಮಾಡಿಸುವವರು ಇದನ್ನು ಮೊದಲೇ ಯೋಚಿಸಿ. ಪೈಪ್ 6 ಇಂಚಿನದಿರಲಿ, ತಿರುವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಬಾಯಿಗೆ ಮುಚ್ಚಳದ ಟೊಪ್ಪಿ ಇರಲಿ.

ಯಾರೂ ಮುಟ್ಟದೆಯೇ ಚಿಮಣಿ ಆನ್ ಆಗುವುದು, ಬಟನ್ ಒತ್ತಿದರೆ ಕೇಳದಿರುವುದು ಜುಲೈ ತಿಂಗಳ ದೂರು. ಟಚ್ ಪ್ಯಾನೆಲ್ ಮೇಲೆ ಕಾಣದಷ್ಟು ತೆಳು ತೇವ ಅಥವಾ ಎಣ್ಣೆ ಪದರ ಕೂತಿರುತ್ತದೆ. ಕೈ ಬೀಸಿದರೆ ಚಾಲೂ ಆಗುವ ಸೆನ್ಸರ್ ಹಬೆಗೂ ಮೋಸ ಹೋಗುತ್ತದೆ. ಕರೆಂಟ್ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಟ್ಟು ಹಾಕಿ. ಮಳೆ ನಿಂತ ಮೇಲೂ ಹೀಗೇ ಆದರೆ ಮಾತ್ರ ಪ್ಯಾನೆಲ್ ಬಗ್ಗೆ ಯೋಚಿಸಿ.

ಎಣ್ಣೆ ಜಿನುಗುವ ಚಿಮಣಿಯ ಕೆಳಗೆ ಹಲಸಿನ ಹಪ್ಪಳವನ್ನು ಉರಿಯಲ್ಲಿ ಸುಡಬೇಡಿ, ಫಿಲ್ಟರ್‌ಗೆ ಬೆಂಕಿ ಹತ್ತಬಹುದು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಒಲೆ ಮತ್ತು ಚಿಮಣಿ ಎರಡನ್ನೂ ಬಂದ್ ಮಾಡಿ, ಬಾಣಲೆಗೆ ತಟ್ಟೆ ಮುಚ್ಚಿ. ನೀರು ಹಾಕಲೇಬಾರದು.

ಹಾಬ್ ಟಿಕ್ ಟಿಕ್ ಎನ್ನುತ್ತಲೇ ಇದೆ, ಅಥವಾ ಹೊತ್ತಿ ಆರುತ್ತದೆ

ನಿಲ್ಲದ ಟಿಕ್ ಟಿಕ್ ಎಂದರೆ ನಾಬ್ ಕೆಳಗಿನ ಸ್ವಿಚ್ಚಿಗೆ ನೀರು ಹೋಗಿದೆ. ಕಲ್ಲು ತೊಳೆದ ಮರುದಿನ ಹೀಗಾಗುತ್ತದೆ. ಹಾಬಿನ ಪ್ಲಗ್ ಕಿತ್ತು, ನಾಬ್ ಎತ್ತಿ, ಫ್ಯಾನ್ ಗಾಳಿಗೆ ಒಂದು ದಿನ ಬಿಡಿ. ಅಷ್ಟರವರೆಗೆ ಲೈಟರ್‌ನಲ್ಲಿ ಹೊತ್ತಿಸಿ. ಕಿಡಿ ಬರುತ್ತದೆ, ಉರಿ ಬರುವುದಿಲ್ಲ ಎಂದರೆ ಬರ್ನರ್ ಮುಚ್ಚಳ ಓರೆಯಾಗಿ ಕೂತಿದೆಯೇ ನೋಡಿ. ನಾಬ್ ಬಿಟ್ಟ ಕೂಡಲೇ ಆರಿದರೆ ಉರಿಯ ಪಕ್ಕದ ಸಣ್ಣ ಕಡ್ಡಿಗೆ ಮಸಿ ಹಿಡಿದಿದೆ. ಉರಿ ಇಲ್ಲದಾಗ ಗ್ಯಾಸ್ ನಿಲ್ಲಿಸುವುದೇ ಆ ಕಡ್ಡಿಯ ಕೆಲಸ. ತಣ್ಣಗಾದ ಮೇಲೆ ಒರೆಸಿ, ಹೊತ್ತಿಸಿದ ಮೇಲೆ ನಾಬನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಅದನ್ನು ಕಿತ್ತುಹಾಕಿಸಬೇಡಿ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಸಿಲಿಂಡರನ್ನು ಮಾಡ್ಯುಲರ್ ಕಪಾಟಿನೊಳಗೆ ಇಡುವುದಾದರೆ ಬಾಗಿಲ ಕೆಳಭಾಗದಲ್ಲಿ ಗಾಳಿ ಕಿಂಡಿ ಇರಲೇಬೇಕು. ಅದಿಲ್ಲದ ಎಷ್ಟೋ ಚಂದದ ಕಿಚನ್‌ಗಳನ್ನು ನೋಡಿದ್ದೇನೆ. ಸುರಕ್ಷಾ ಹೋಸ್ ಮೇಲೆ ಅಚ್ಚಾದ ಇಸವಿ ನೋಡಿ, 5 ವರ್ಷಕ್ಕೆ ಬದಲಿಸಿ. ತೋಟದ ಮನೆಗಳಲ್ಲಿ ಇಲಿ ಕಚ್ಚಿದ ಗುರುತೂ ಹುಡುಕಿ. ಸೋರಿಕೆ ನೋಡಲು ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವ ಹಳೆಯ ಅಭ್ಯಾಸ ಬಿಟ್ಟುಬಿಡಿ.

ಮೈಕ್ರೋವೇವ್ ಒಳಗೆ ಕಿಡಿ

ನಿಲ್ಲಿಸಿ. ಸ್ಟೀಲ್ ಪಾತ್ರೆ, ಜರಿ ಅಂಚಿನ ಬಟ್ಟಲು ಇದ್ದರೆ ತೆಗೆಯಿರಿ. ಒಳಗಿನ ಬದಿಯಲ್ಲಿ ಕಾಗದದಂಥ ಅಭ್ರಕದ ಹಾಳೆ ಇರುತ್ತದೆ. ಅದರ ಮೇಲೆ ಆಹಾರ ಸಿಡಿದು ಸುಟ್ಟಿದ್ದರೂ ಕಿಡಿ ಬರುತ್ತದೆ. ಒರೆಸಿ. ತೂತಾಗಿದ್ದರೆ ಬದಲಿಸಬೇಕು, ಅದು ದುಬಾರಿಯಲ್ಲ. ಹೊರಕವಚ ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಫೋನಿನಲ್ಲಿ 'ಆಫ್‌ಲೈನ್' ಎಂದು ತೋರಿಸುತ್ತದೆ

ಸಾಧನವನ್ನು ಅದರ ಬಟನ್‌ನಿಂದಲೇ ಚಾಲೂ ಮಾಡಿ. ನಡೆದರೆ ಮಷಿನ್ ಸರಿಯಿದೆ, ನೆಟ್ ಮಾತ್ರ ಇಲ್ಲ. ಕರೆಂಟ್ ಹೋಗಿ ಬಂದಾಗ ಫ್ರಿಜ್ ತಕ್ಷಣ ಏಳುತ್ತದೆ, ರೌಟರ್ ಏಳಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಸಾಧನ ಹುಡುಕಿ ಸುಸ್ತಾಗಿ ಬಿಟ್ಟುಬಿಟ್ಟಿರುತ್ತದೆ. ರೌಟರ್ ದೀಪ ಸರಿಯಾದ ಮೇಲೆ ಸಾಧನವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ರೌಟರ್‌ಗೆ ಒಂದು ಪುಟ್ಟ ಯುಪಿಎಸ್ ಹಾಕಿದರೆ ಈ ಕಿರಿಕಿರಿ ಬಹಳ ಕಡಿಮೆಯಾಗುತ್ತದೆ.

ಹೊಸದಾಗಿ ಜೋಡಿಸಲು ಆಗುತ್ತಿಲ್ಲವೇ? ಈ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಹಿಡಿಯುತ್ತವೆ, ನಿಮ್ಮ ಫೋನ್ 5 ಗಿಗಾಹರ್ಟ್ಸ್ ವೈ-ಫೈಯಲ್ಲಿ ಇರಬಹುದು. ರೌಟರ್ ಬದಲಿಸಿದ್ದರೆ, ಪಾಸ್‌ವರ್ಡ್ ಬದಲಿಸಿದ್ದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕು. ದಪ್ಪ ಚಿರೆಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಜಗಲಿಯ ರೌಟರನ್ನು ನಡುಮನೆಗೆ ತಂದು ನೋಡಿ.

ಸ್ಮಾರ್ಟ್ ಪ್ಲಗ್‌ನಲ್ಲಿ 'ಕರೆಂಟ್ ಬಂದಾಗ ಏನು ಮಾಡಬೇಕು' ಎಂಬ ಆಯ್ಕೆ ಇದ್ದರೆ ಅದನ್ನು ಆಫ್‌ಗೆ ಇಡಿ. ಮಗ ಬೆಂಗಳೂರಿನಲ್ಲಿ ಕೂತು ಅಮ್ಮನ ಅಡುಗೆಮನೆಯ ಬಿಸಿಯಾಗುವ ಸಾಧನ ಚಾಲೂ ಮಾಡುವುದು ಬೇಡ. ಅಲ್ಲಿ ಪಾತ್ರೆಯಲ್ಲಿ ನೀರಿದೆಯೋ ಇಲ್ಲವೋ ಅವನಿಗೆ ಕಾಣುವುದಿಲ್ಲ.

ಕಪಾಟಿನ ಬಾಗಿಲು ಜೋತಿದೆ, ಹಲಗೆ ಉಬ್ಬಿದೆ

ಜೋತ ಬಾಗಿಲಿಗೆ ಹಿಂಜ್‌ನ ಸ್ಕ್ರೂ ತಿರುಗಿಸಿದರೆ ಸಾಕು, ಸ್ಕ್ರೂಡ್ರೈವರ್ ಇದ್ದರೆ ನೀವೇ ಮಾಡಬಹುದು. ಹಿಂಜ್ ತುಕ್ಕು ಹಿಡಿದಿದ್ದರೆ ಬದಲಿಸುವಾಗ 304 ದರ್ಜೆಯ ಸ್ಟೀಲ್ ಕೇಳಿ. ಕಡಲಿಗೆ ತೀರಾ ಹತ್ತಿರವಿದ್ದರೆ 316 ಇನ್ನೂ ಚೆನ್ನಾಗಿ ತಡೆಯುತ್ತದೆ. ಬೆಲೆ ಜಾಸ್ತಿ, ಆದರೂ ಕೊಡಬಹುದು.

ಹಲಗೆ ಉಬ್ಬಿದ್ದರೆ ನೀರು ಎಲ್ಲಿಂದ ಎಂಬುದೇ ಪ್ರಶ್ನೆ. ಸಿಂಕ್ ಕೆಳಗಿನ ಪ್ರತಿ ಜೋಡಣೆಗೂ ಒಣ ಕಾಗದ ಸುತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಒದ್ದೆಯಾದ ಕಾಗದವೇ ಜಾಗ ತೋರಿಸುತ್ತದೆ. ಎಲ್ಲ ಒಣಗಿದ್ದರೆ ಹಿಂದಿನ ಗೋಡೆಯೇ ಮಳೆನೀರು ಬಿಡುತ್ತಿದೆ. ಅದನ್ನು ಸರಿಮಾಡದೆ ಹೊಸ ಹಲಗೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದೂ ಉಬ್ಬುತ್ತದೆ. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ ಇಳಿಯುವುದಿಲ್ಲ. ಸಿಂಕ್ ಕೆಳಗಾದರೂ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ ಹಾಕಿಸಿ. ಹಲಗೆ ಮೇಲೆ ಮಣ್ಣಿನ ಸಣ್ಣ ಗೆರೆಗಳು ಕಂಡರೆ ಅದು ಗೆದ್ದಲು. ಗೆರೆ ಒರೆಸಿದರೆ ಸಾಲದು, ಗೋಡೆ-ನೆಲಕ್ಕೆ ಔಷಧಿ ಹೊಡೆಸಬೇಕು.

ಸರ್ವಿಸ್‌ನವರನ್ನು ಕರೆಯುವಾಗ

ನಂಬರನ್ನು ವಾರಂಟಿ ಕಾರ್ಡ್‌ನಲ್ಲಿ ಅಥವಾ ಸಾಧನದ ಹಿಂದಿನ ಸ್ಟಿಕ್ಕರ್‌ನಲ್ಲೇ ನೋಡಿ. ಇಂಟರ್‌ನೆಟ್‌ನಲ್ಲಿ ಹುಡುಕಿ ಸಿಗುವ 'ಕಸ್ಟಮರ್ ಕೇರ್' ನಂಬರ್‌ಗಳಲ್ಲಿ ಮೋಸದವೂ ಇವೆ. ಒಟಿಪಿ ಕೇಳಿದರೆ, ಬೇರೆ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ.

ಮಾಡೆಲ್ ನಂಬರ್, ತೋರಿಸಿದ 'ಇ' ಸಂಖ್ಯೆ, ಯಾವ ಹೊತ್ತಿನಲ್ಲಿ ಆಗುತ್ತದೆ, ಸಾಕೆಟ್‌ನ ವೋಲ್ಟೇಜ್, ನೀವು ಈಗಾಗಲೇ ನೋಡಿದ್ದು ಏನೇನು, ಎಲ್ಲವನ್ನೂ ಹೇಳಿ. ಆಗುವಾಗಲೇ ಒಂದು ವಿಡಿಯೊ ತೆಗೆದಿಡಿ. ಆಗ ಅವರು ಬೇಕಾದ ಬಿಡಿಭಾಗ ಹಿಡಿದೇ ಹೊರಡುತ್ತಾರೆ, ಎರಡನೇ ಸಲ ಘಟ್ಟ ಇಳಿಯಬೇಕಾಗುವುದಿಲ್ಲ. ಬೋರ್ಡ್ ಬದಲಿಸಿದರೆ ತೇವ ತಡೆಯುವ ಲೇಪನ ಇರುವುದು ಸಿಗುತ್ತದೆಯೇ ಎಂದು ಕೇಳಿ. ಹಳೆಯ ಭಾಗವನ್ನು ತೋರಿಸಲು ಹೇಳಿ, ಬದಲಿಸಿದ ಭಾಗಕ್ಕೆ ಎಷ್ಟು ತಿಂಗಳ ವಾರಂಟಿ ಎಂದು ಬಿಲ್ ಮೇಲೆ ಬರೆಸಿಕೊಳ್ಳಿ.